ಕಬ್ಬಿಣ ಕಾಣದ ಗೊರಸು

ಕಬ್ಬೂರಿನ ಅಕ್ಕುತಾಯಿಯ ಎದುರು ಯಾರೂ "ಅದು ಆಗೂದಿಲ್ಲ" ಎಂದು ಹೇಳಬಾರದು. ಹೇಳಿದರೆ ಅವಳು "ಯಾಕ ಆಗೂದಿಲ್ಲ?" ಎಂದು ಒಂದು ಸಲ ಕೇಳುತ್ತಾಳೆ. ಬಂದ ಉತ್ತರ ಮನಸ್ಸಿಗೆ ಒಪ್ಪದಿದ್ದರೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅದೇ ಕೆಲಸಕ್ಕೆ ಕೈಹಾಕುತ್ತಾಳೆ. ಗಂಡ ಭೀಮಸಿಗೆ ಇದು ಮದುವೆಯಾದ ವರ್ಷವೇ ತಿಳಿದಿತ್ತು. ಮೈದುನ ಸಿದ್ದಲಿಂಗನಿಗೆ ತಿಳಿಯಲು ಒಂದು ಕುದುರೆ ಬೇಕಾಯಿತು.

ಅವರದು ಕುರುಬರ ಮನೆತನ. ಕುರಿಯ ಹಿಂದೆ ಊರೂರು ತಿರುಗಿ ಬದುಕಿದವರು. ದೀಪಾವಳಿ ಮುಗಿಯಿತೆಂದರೆ ನಿಪ್ಪಾಣಿಯ ತಂಬಾಕಿನ ಹೊಲಗಳತ್ತ, ಅಲ್ಲಿಂದ ಕಾಗವಾಡದ ಕಡೆ ಕೃಷ್ಣೆಯ ದಂಡೆಗೆ. ಮಳೆಗಾಲ ಬಂತೆಂದರೆ ಅಥಣಿ ಕಡೆಯ ಅನಂತಪುರ, ಐಗಳಿಯ ಒಣ ಬಯಲಿಗೆ. ರೈತರು ತಮ್ಮ ಹೊಲದಲ್ಲಿ ರಾತ್ರಿ ಕುರಿ ತರುಬಿ ನಿಲ್ಲಿಸಿಕೊಂಡು ಗೊಬ್ಬರ ಮಾಡಿಸಿಕೊಳ್ಳುವರು, ಬದಲಿಗೆ ಜೋಳ ಅಳೆದು ಕೊಡುವರು. ಈ ತಿರುಗಾಟದಲ್ಲಿ ಗುಡಾರದ ಬಟ್ಟೆ, ಕಂಬಳಿ, ಪಾತ್ರೆ, ಕೋಳಿಬುಟ್ಟಿ, ನಡೆಯಲಾರದ ಎಳೆಮರಿ ಎಲ್ಲವನ್ನೂ ಹೊರುತ್ತಿದ್ದದ್ದು ಪವಳಿ. ಹವಳದ ಬಣ್ಣದ ಗಿಡ್ಡ ಹೆಣ್ಣುಕುದುರೆ. ಪೇಟೆಯವರು ನೋಡಿದರೆ ತಟ್ಟು ಎನ್ನುವರು. ಒಮ್ಮೆ ಜ್ವರದಲ್ಲಿ ಕಾಲೆತ್ತಲಾಗದೆ ಬಿದ್ದಿದ್ದ ಅಕ್ಕುತಾಯಿಯನ್ನು ಹೊಲದಿಂದ ಕಾಗವಾಡದ ದವಾಖಾನೆಯವರೆಗೆ ಹೊತ್ತು ತಂದದ್ದೂ ಅದೇ.

ಪವಳಿಯ ಕಾಲಿಗೆ ಯಾರೂ ಎಂದೂ ಲಾಳ ಬಡಿದಿರಲಿಲ್ಲ. ಕುರುಬರ ಕುದುರೆಗಳಿಗೆ ಕಬ್ಬಿಣದ ಹಂಗಿಲ್ಲ. ಕಲ್ಲು, ಗರಸು, ಡಾಂಬರು ತುಳಿಯುತ್ತ ಹೋದಂತೆ ಗೊರಸು ತಾನೇ ಸವೆಯುತ್ತದೆ, ಸವೆದಷ್ಟು ಬೆಳೆಯುತ್ತದೆ.

ಆ ತಿರುಗಾಟವನ್ನು ನಿಲ್ಲಿಸಿದ್ದು ಒಂದು ಮೋಟರ್‌ಸೈಕಲ್ಲು. ಚಿಕ್ಕೋಡಿ ರಸ್ತೆಯಲ್ಲಿ ಮಂದೆ ದಾಟಿಸುತ್ತಿದ್ದ ಭೀಮಸಿಯ ಮೊಣಕಾಲಿಗೇ ಬಂದು ಬಡಿಯಿತು. ಮೂಳೆ ಕೂಡಿತು, ಆದರೆ ಮೊಣಕಾಲು ಮಡಚದಂತಾಯಿತು. ಮಂದೆಯ ಹೆಚ್ಚಿನ ಪಾಲು ಸಿದ್ದಲಿಂಗನ ಜೊತೆ ಹೋಯಿತು. ಭೀಮಸಿಗೂ ಅಕ್ಕುತಾಯಿಗೂ ಒಂದಿಷ್ಟು ಕುರಿ, ಪವಳಿ, ಕಬ್ಬೂರಿನ ಕಾಲುವೆಯ ಪಕ್ಕದ ತುಂಡು ಹೊಲ ಉಳಿದವು. ಕುರಿ ಹಂಚಿಕೊಂಡ ದಿನ ಕುದುರೆ ಯಾರದು ಎಂಬ ಮಾತನ್ನು ಯಾರೂ ಎತ್ತಲಿಲ್ಲ.

ಕಾಲುವೆಯ ಪಕ್ಕದ ನೆಲವೆಂದರೆ ಎರೆಮಣ್ಣು, ಸದಾ ತೇವ. ನಡೆದೇ ಬದುಕಿದ ಕುದುರೆ ಒಂದೇ ಗೂಟಕ್ಕೆ ನಿಂತಿತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದರ ಗೊರಸುಗಳು ಮುಂದಕ್ಕೆ ಬೆಳೆದು, ಅಥಣಿಯ ಚಪ್ಪಲಿಯ ಮೂತಿಯಂತೆ ಮೇಲಕ್ಕೆ ಬಾಗಿದವು. ಬಲ ಮುಂಗಾಲಿನ ಗೊರಸು ಸೀಳಿತು. ಅಡಿಯಿಂದ ಕೊಳೆತ ವಾಸನೆ ಬರತೊಡಗಿತು. ನೀರಿಗೆ ಬಿಟ್ಟರೆ ಪವಳಿ ಮುಳ್ಳಿನ ಮೇಲೆ ನಡೆದಂತೆ ಹೆಜ್ಜೆ ಇಡುತ್ತಿತ್ತು.

ಶ್ರಾವಣದಲ್ಲಿ ಊರಿಗೆ ಬಂದ ಸಿದ್ದಲಿಂಗ ಕುದುರೆಯನ್ನು ಒಂದು ಸುತ್ತು ಹಾಕಿ ನೋಡಿದ. ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದ ಅಣ್ಣನಿಗೆ ಹೇಳಿದ:

"ಅಣ್ಣಾ, ಇದರ ಕಾಲು ಹ್ವಾದ್ವು. ನನ್ನ ಗುರ್ತಿನ ದಲಾಲ ಒಬ್ಬಾಂವ ಅದಾನ, ಕೊಟ್ಟು ಬಿಡೂಣು. ಕುರಿ ಜೋಡಿ ತಿರಗಾಕ ನನಗೂ ಒಂದು ಹೊಸಾ ಕುದುರಿ ಬೇಕಾಗೈತಿ."

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಅಕ್ಕುತಾಯಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ಕಾಲು ಕೆಟ್ಟರ ಮಾರೂದಾದ್ರ, ಮೊದಲ ನಿಮ್ಮಣ್ಣನ್ನ ಮಾರಬೇಕಿತ್ತಪಾ."

ಭೀಮಸಿ ನಕ್ಕುಬಿಟ್ಟ. ಸಿದ್ದಲಿಂಗ ನಗಲಿಲ್ಲ. "ವೈನಿ, ಇದು ನಗೂ ಮಾತಲ್ಲ. ಅದು ನೋವು ತಿನ್ನಾಕತ್ತೈತಿ. ಗೊರಸು ಹಂಗಾದ ಮ್ಯಾಲ ಮುಗೀತು. ಇನ್ನ ಸುಧಾರಸೂದು ಆಗೂದಿಲ್ಲ."

"ಯಾಕ ಆಗೂದಿಲ್ಲ?"

"ಆಗೂದಿಲ್ಲ ಅಂದ್ರ ಆಗೂದಿಲ್ಲ."

ಅಷ್ಟು ಸಾಕಾಯಿತು.

ಚಿಕ್ಕೋಡಿಯಲ್ಲಿ ಇಸ್ರಾರ ಎಂಬ ನಾಲಬಂದನಿದ್ದ. ಲಾಳಕ್ಕೆ ಆ ಕಡೆ ನಾಲ ಎನ್ನುತ್ತಾರೆ. ಎತ್ತುಗಳಿಗೂ ಶರ್ಯತ್ತಿನ ಓಟದ ಕುದುರೆಗಳಿಗೂ ನಾಲ ಬಡಿಯುವುದು ಅವನ ಕಸುಬು. ಹೇಳಿಕಳಿಸಿದ ಮರುದಿನವೇ ಬೈಕಿಗೆ ಚೀಲ ಕಟ್ಟಿಕೊಂಡು ಬಂದ. ಪವಳಿಯ ಕಾಲೆತ್ತಿ ನೋಡಿ, "ಅಕ್ಕಾರ, ಕೊಯ್ದು ನಾಲ್ಕೂ ಕಾಲಿಗೆ ನಾಲ ಬಡೀತೀನಿ. ಆಮ್ಯಾಗ ನೋಡ್ರಿ ಹ್ಯಾಂಗ ನಡೀತೈತಿ" ಎಂದ.

"ನಾಲ ಬ್ಯಾಡ. ಬರೇ ಕೊಯ್ದು ತಿದ್ದಿಕೊಡು."

"ಹಂಗ ಯಾರೂ ಮಾಡೂದಿಲ್ರಿ. ಬರಿಗಾಲ ಬಿಟ್ರ ಮತ್ತ ಸೀಳತೈತಿ. ನಾಳೆ ಕುಂಟಿದ್ರ, ಇಸ್ರಾರ ಕಾಲು ಕೆಡಿಸಿದಾ ಅಂತೀರಿ."

"ಇದರ ಅವ್ವನ ಕಾಲಿಗೂ ಕಬ್ಬಿಣ ತಾಗಿಲ್ಲ, ಇದರ ಕಾಲಿಗೂ ತಾಗೂದಿಲ್ಲ. ಸೀಳಿದ ಗೊರಸಿಗೆ ಮೊಳಿ ಬಡದ್ರ ಇನ್ನಷ್ಟು ಸೀಳೂದಿಲ್ಲೇನು?"

ಇಸ್ರಾರ ಕೆಟ್ಟವನಲ್ಲ. ತಾನು ಕಲಿತದ್ದನ್ನು ಹೇಳುತ್ತಿದ್ದ. ಆದರೂ ಅವನಿಗೆ ರೇಗಿತು. "ನಾಲ ಬಡಿಯಾಂವಗ ನಾಲ ಬ್ಯಾಡ ಅಂದ್ರ ದರ್ಜಿಗೆ ಸೂಜಿ ಬ್ಯಾಡ ಅಂದಂಗಾತು!"

"ದರ್ಜಿ ಅರಿವಿ ಕತ್ತರಸಾಕೂ ಸೂಜೀನ ಹಿಡೀತಾನೇನೊ?"

ಇಸ್ರಾರ ಚೀಲ ಕಟ್ಟಿಕೊಂಡು ಹೊರಟುಹೋದ. ಸಂಜೆಯೊಳಗೆ ಈ ಮಾತು ಕಬ್ಬೂರಿನ ಚಹಾದಂಗಡಿಗೆ ತಲುಪಿತು. ಬರಿಗಾಲ ಕುದುರೆಗೆ ಬರಿಗೈ ನಾಲಬಂದ ಬೇಕಂತೆ ಎಂದು ನಗಾಡಿದರು. ಅಕ್ಕುತಾಯಿ ನಿಪ್ಪಾಣಿಯ ಒಬ್ಬನಿಗೆ ಫೋನು ಮಾಡಿಸಿದಳು. ನಾಲವಿಲ್ಲದೆ ಬರುವುದಿಲ್ಲ ಎಂದ. ರಾಯಬಾಗದ ಇನ್ನೊಬ್ಬ ಮಾತು ಮುಗಿಯುವ ಮೊದಲೇ ಫೋನು ಇಟ್ಟ. ಭೀಮಸಿ ಮೆಲ್ಲಗೆ, "ನಾಲ ಬಡಿಸಿದ್ರ ಏನಾತು? ನಾಕು ಮಂದಿ ಹೇಳೂದು ಸುಳ್ಳಿರತೈತೇನು?" ಎಂದ. ಅಕ್ಕುತಾಯಿ ಪವಳಿಯ ಬಳಿ ಹೋಗಿ ಅದರ ಗೊರಸಿನ ಸೀಳಿನೊಳಗಿನ ಮಣ್ಣನ್ನು ಹುಣಸೆಕಡ್ಡಿಯಿಂದ ಕೆದರಿ ತೆಗೆಯುತ್ತ ಕೂತಳು.

ಅದೇ ವಾರ ಕುರಿಗಳಿಗೆ ಲಸಿಕೆ ಹಾಕಲು ದನದ ಡಾಕ್ಟರು ಸ್ನೇಹಲ ಬಂದಳು. ಜೈನರ ಮನೆಯ ಹುಡುಗಿ, ಕೆಲಸಕ್ಕೆ ಸೇರಿ ಬಹಳ ದಿನವಾಗಿರಲಿಲ್ಲ. ಅಕ್ಕುತಾಯಿ ಅವಳನ್ನು ನೇರ ಕುದುರೆಯ ಬಳಿಗೆ ಕರೆದೊಯ್ದಳು. ಸ್ನೇಹಲ ಕೊಳೆತ ಭಾಗವನ್ನು ತೊಳೆದು, ಔಷಧಿ ಹಾಕಿ, ದಿನಾ ಹೇಗೆ ಹಾಕಬೇಕೆಂದು ತೋರಿಸಿದಳು.

"ವಾಸನಿ ಇದರಿಂದ ಹೋಗ್ತೈತಿ ಅಕ್ಕಾ. ಆದರ ಬೆಳೆದದ್ದನ್ನ ತಿದ್ದಲಿಕ್ಕೆ ರೂಢಿಯ ಕೈ ಬೇಕು. ನನ್ನ ಕೈಗೆ ದನ, ಎಮ್ಮಿದು ರೂಢಿ ಐತಿ, ಕುದುರಿದು ಇಲ್ಲ. ಸುಮ್ಮನ ಕೊಯ್ದು ನಿಮ್ಮ ಕುದುರಿ ಕೆಡಸಾಕ ನಾ ಒಲ್ಲೆ."

"ನೀ ಒಬ್ಬಾಕಿರ ಖರೇ ಹೇಳಿದಿ ನೋಡವಾ" ಎಂದಳು ಅಕ್ಕುತಾಯಿ.

ಸ್ನೇಹಲ ಹೊರಟವಳು ಗೇಟಿನ ಹತ್ತಿರ ನಿಂತಳು. "ನಮ್ಮ ಧನಪಾಲ ಅಜ್ಜಾರ ಕಡೆ ಹೊಲಕ್ಕೆ ಹೋಗಾಕ ಒಂದು ಕುದುರಿ ಇತ್ತಂತ. ಅದಕ್ಕ ನಾಲ ಬಡಸ್ತಿರಲಿಲ್ಲ, ರಾಯಬಾಗದಿಂದ ಕಾಸಿಮಸಾಬ ಅನ್ನೋರು ಬಂದು ಬರೇ ತಿದ್ದಿ ಹೋಗ್ತಿದ್ರಂತ. ಮನ್ಯಾಗ ಹೇಳೂದು ಕೇಳೇನಿ. ಈಗ ಅದಾರೋ ಇಲ್ಲೋ ಗೊತ್ತಿಲ್ಲ."

ಅಕ್ಕುತಾಯಿ ಮರುದಿನ ಬೆಳಗಿನ ಬಸ್ಸಿಗೆ ರಾಯಬಾಗಕ್ಕೆ ಹೋದಳು. ಕಾಸಿಮಸಾಬನ ಹಳೆಯ ಮನೆಯಲ್ಲಿ ಬೇರೆಯವರಿದ್ದರು. ಮುದುಕ ಐಗಳಿಯಲ್ಲಿ ಮಗಳು ಜುಬೇದಾಳ ಮನೆ ಸೇರಿ ವರ್ಷಗಳಾದವು ಎಂದರು. ಇನ್ನೊಬ್ಬರಾಗಿದ್ದರೆ ಊರಿಗೆ ತಿರುಗುತ್ತಿದ್ದರು. ಅವಳು ಅಥಣಿಯ ಬಸ್ಸು ಹತ್ತಿದಳು. ಕುಡಚಿಯ ಸೇತುವೆಯ ಮೇಲೆ ಕೃಷ್ಣೆ ಕೆಂಪಗೆ ತುಂಬಿ ಹರಿಯುತ್ತಿದ್ದಳು. ಮಂದೆಯ ಜೊತೆ ಈ ಸೇತುವೆ ದಾಟಲು ಅರ್ಧ ದಿನ ಬೇಕಾಗುತ್ತಿತ್ತು; ಬಸ್ಸು ಕಣ್ಣು ಮಿಟುಕಿಸುವುದರಲ್ಲಿ ದಾಟಿತು. ಅಥಣಿಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು ಐಗಳಿ ಮುಟ್ಟಿದಾಗ ಹೊತ್ತು ನೆತ್ತಿಯಿಂದ ಜಾರಿತ್ತು.

ಜುಬೇದಾ ಅಂಗಳದಲ್ಲಿ ಒಣದ್ರಾಕ್ಷಿ ಆರಿಸುತ್ತಿದ್ದಳು. ವಿಷಯ ಕೇಳಿ ತಲೆ ಅಲ್ಲಾಡಿಸಿದಳು. "ನಮ್ಮ ಅಬ್ಬಾ ಆ ಕೆಲಸ ಬಿಟ್ಟು ಭಾಳ ದಿನಾತ್ರಿ. ಬೆನ್ನು ಬಗ್ಗೂದಿಲ್ಲ, ಕಣ್ಣೂ ಮಂಜ ಆಗ್ಯಾವ. ಆಗೂದಿಲ್ಲ ಅವರಿಗೆ."

"ಆಗೂದಿಲ್ಲ ಅನ್ನೂದನ್ನ ಅವರ ಬಾಯಿಂದನ ಕೇಳಿ ಹೊಕ್ಕೀನಿ" ಎಂದು ಅಕ್ಕುತಾಯಿ ಹೊಸ್ತಿಲ ಮುಂದಿನ ಕಲ್ಲಿನ ಮೇಲೆ ಕೂತಳು.

ಬೇವಿನ ನೆರಳಲ್ಲಿ ಹೊರಸಿನ ಮೇಲೆ ಮಲಗಿದ್ದ ಮುದುಕನಿಗೆ ಅದು ಕೇಳಿಸಿತು. "ಯಾರದು, ಇಷ್ಟು ಜೋರ ಮಾಡಾಕಿ?"

"ಕಬ್ಬೂರಿನಾಕಿ, ಕಾಕಾ. ಕುರುಬರಾಕಿ. ನನ್ನ ತಟ್ಟಿನ ಗೊರಸು ತಿದ್ದಬೇಕು. ನಾಲ ಬ್ಯಾಡ."

ಕಾಸಿಮಸಾಬ ಮೊಣಕೈ ಊರಿ ಎದ್ದು ಕೂತ. "ಕುರುಬರ ತಟ್ಟು! ನಮ್ಮಪ್ಪನ ಕಡೆ ಬರ್ತಿದ್ರು ನಿಮ್ಮಾವ್ರು. ಸಾಲಾಗಿ ಕುದುರಿ ಕಟ್ಟಿ, ನಾಲ ಬ್ಯಾಡ ಸಾಹೇಬಾ, ಬರೇ ತಾಸಿ ತಿದ್ದಿ ಕೊಡು ಅಂತಿದ್ರು. ಆಮ್ಯಾಗ ಎಲ್ಲಾರೂ ಟೆಂಪೋ ಹತ್ತಿದ್ರು." ಅವನು ಅವಳಿದ್ದ ಕಡೆ ಮುಖ ಮಾಡಿ ಕೇಳಿದ: "ಕುರಿ ಗೊರಸು ಕೊಯ್ತಿಯೇನು ನೀನು?"

"ತಿಳುವಳಿಕಿ ಬಂದಾಗಿಂದ."

"ಕೈ ತಾ ಇಲ್ಲಿ."

ಅವನು ಅವಳ ಅಂಗೈಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಚೂರಿಯ ಹಿಡಿಗೆ ಗಟ್ಟಿಯಾದ ಚರ್ಮ ಅಲ್ಲಿತ್ತು. "ಹಂಗಾದ್ರ ಕೊಯ್ಯಾಕಿ ನೀನ. ನಾ ಬರೇ ಕುಂತು ಬೈಯಾಂವ. ನಡಿ."

ಜುಬೇದಾ ಬೇಡವೆಂದಳು, ಬೆನ್ನು ನೆನಪಿಸಿದಳು, ಬಸ್ಸಿನ ಕುಲುಕಾಟ ನೆನಪಿಸಿದಳು. ಮುದುಕ ಮಗಳ ಮೇಲೇ ಹರಿಹಾಯ್ದ: "ಈ ಹೊರಸಿನ ಮ್ಯಾಲ ಕುಂತು ಬೇವಿನ ಎಲಿ ಎಣಸೂದ ನನ್ನ ಕೆಲಸೇನು? ಈಕಿ ಹೊಳಿ ದಾಟಿ ಹುಡಿಕ್ಕೊಂಡು ಬಂದಾಳ. ನನ್ನ ಚೀಲಾ ತಗಿ." ಜುಬೇದಾ ಕೊನೆಗೆ ಅಟ್ಟದಿಂದ ಚೀಲ ಇಳಿಸಿದಳು. ಮರುದಿನ ಅಪ್ಪನ ಜೊತೆಗೆ ತಾನೂ ಬಸ್ಸು ಹತ್ತಿದಳು. ಈ ಗದ್ದಲದ ಹೆಂಗಸನ್ನು ನಂಬಿ ಅಪ್ಪನನ್ನು ಬಿಡಲು ಅವಳಿಗೆ ಧೈರ್ಯವಾಗಲಿಲ್ಲ.

ಕಬ್ಬೂರಿನಲ್ಲಿ ಕಾಸಿಮಸಾಬನನ್ನು ಕುದುರೆಯ ಪಕ್ಕದಲ್ಲೇ ಬುಟ್ಟಿ ಬೋರಲು ಹಾಕಿ ಕೂರಿಸಿದರು. ಭೀಮಸಿ ತಲೆಯ ಹಗ್ಗ ಹಿಡಿದ. ಅಕ್ಕುತಾಯಿ ಪವಳಿಯ ಮುಂಗಾಲನ್ನು ಎತ್ತಿ ತನ್ನ ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡಳು. ಮುದುಕ ಕೈ ಚಾಚಿ ಗೊರಸನ್ನು ಸುತ್ತಲೂ ಸವರಿ, ನಡುವಿನ ಮೆತ್ತಗಿನ ಮೂರುಮೂಲೆ ಭಾಗದ ಮೇಲೆ ಬೆರಳಿಟ್ಟ.

"ಇದಕ್ಕ ಪುತಲಿ ಅಂತಾರ. ಕೊಳತಿದ್ದನ್ನಷ್ಟ ತಗಿ, ಜೀವಂತದ್ದು ಮುಟ್ಟಬ್ಯಾಡ. ಕುದುರಿ ಇದರ ಮ್ಯಾಲ ನಡೀಬೇಕು. ಅಂಗಾಲೂ ಕೊರೀಬ್ಯಾಡ. ಮುಂದಿನ ಮೂತಿ ಅಷ್ಟ ಇಕ್ಕಳದಾಗ ಹಿಡದು ಕತ್ತರಸು. ಸ್ವಲ್ಪ! ಸ್ವಲ್ಪ ಅಂದ್ನೆಲ್ಲ, ಕಬ್ಬ ಕಡ್ಯಾಕ ಬಂದಿಯೇನು?"

ಕತ್ತರಿಸಿದ ಗೊರಸಿನ ತುಂಡುಗಳು ಹಳೆಯ ಕೊಬ್ಬರಿ ಹೋಳುಗಳಂತೆ ನೆಲಕ್ಕೆ ಬಿದ್ದವು. ನಾಯಿ ಬಂದು ಕಚ್ಚಿಕೊಂಡು ಓಡಿತು. ಆಮೇಲೆ ಉದ್ದನೆಯ ಕಾನಸಿನಿಂದ, ಎಂದರೆ ಅರದಿಂದ, ಅಂಚನ್ನು ತಿಕ್ಕುವ ಕೆಲಸ. ಅಕ್ಕುತಾಯಿಯ ಸೊಂಟ ಸೀಳಿದಂತಾಯಿತು, ಬೆವರು ಕಣ್ಣಿಗಿಳಿಯಿತು. ಕಾಸಿಮಸಾಬ ಕಣ್ಣು ಮುಚ್ಚಿ ಕಾನಸಿನ ಸದ್ದನ್ನೇ ಕೇಳುತ್ತಿದ್ದ.

"ನಿಲ್ಲಸು! ಸಪ್ಪಳಾ ಮೆತ್ತಗಾತು, ಕೇಳಲಿಲ್ಲೇನು? ಅಲ್ಲಿಂದ ಒಳಗ ಹಸಿ ಐತಿ. ಈಗ ಅಂಚು ಗುಂಡಗ ಮಾಡು, ಬಟ್ಟಲದ ಅಂಚು ಇರತೈತಲ್ಲಾ ಹಂಗ. ಗುಂಡಗಿದ್ರ ಸೀಳು ಮ್ಯಾಲಕ್ಕ ಏರೂದಿಲ್ಲ."

ನಾಲ್ಕು ಕಾಲು ಮುಗಿಯುವಾಗ ಹೊತ್ತಿಳಿದಿತ್ತು. ನೋಡಲು ಬಂದವರು ಬೇಲಿಯ ಆಚೆ ನಿಂತಿದ್ದರು. ಒಬ್ಬಳು, "ಹೆಣ್ಣಮಗಳು ಕುದುರಿ ಕಾಲು ತೊಡಿ ಸಂದ್ಯಾಗ ಇಟ್ಕೊಂಡು ನಿಂತ್ರ ಚಂದ ಕಾಣ್ತೈತೇನ ಬೇ?" ಎಂದು ಕೇಳಿದಳು. ಅಕ್ಕುತಾಯಿ ಬೆನ್ನು ನೆಟ್ಟಗೆ ಮಾಡಿ, "ಚಂದ ಕಾಣಾಕ ಮಾಡಾಕತ್ತಿಲ್ಲ ಯವ್ವಾ. ನಿನಗ ಕಣ್ಣಿಗೆ ತ್ರಾಸ ಆದ್ರ ಆ ಕಡೆ ಹೊಳ್ಳಿ ನಿಂದ್ರು" ಎಂದಳು. ಜುಬೇದಾ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಐಗಳಿಯಿಂದ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಹೋಗುವಾಗ ಕಾಸಿಮಸಾಬ ಚೂರಿ, ಇಕ್ಕಳ, ಕಾನಸು ಅಲ್ಲೇ ಬಿಟ್ಟ. ಕುದುರೆ ನಿಲ್ಲುವಲ್ಲಿ ಗರಸು ಹಾಕಿಸು, ಕಾಲು ಒಣಗಿರಲಿ, ದಿನಾ ನಡೆಸು, ತಿಂಗಳಿಗೊಮ್ಮೆ ಸ್ವಲ್ಪ ಸ್ವಲ್ಪ ತಿದ್ದು ಎಂದ. "ಒಮ್ಮಿಗೇ ಎಲ್ಲಾ ಸರಿ ಮಾಡಾಕ ಹೋಗಬ್ಯಾಡ ತಂಗಿ. ನಿನ್ನ ಸ್ವಭಾವ ನೋಡಿ ಹೇಳಾಕತ್ತೇನಿ."

ತಿಂಗಳು ಕಳೆಯಿತು. ಪವಳಿ ಗರಸಿನ ಮೇಲೆ ಕಿವಿ ನೆಟ್ಟಗೆ ಮಾಡಿ ನಿಲ್ಲತೊಡಗಿತು. ಎರಡನೆಯ ಸಲ ತಿದ್ದುವ ಹೊತ್ತಿಗೆ ಸರಿಯಾಗಿ ಸಿದ್ದಲಿಂಗ ಬಂದು ಬೇಲಿಗೆ ಒರಗಿದ. "ವೈನಿ ಈಗ ನಾಲಬಂದ ಆಗ್ಯಾರ. ನಾಳೆ ಚಿಕ್ಕೋಡ್ಯಾಗ ಅಂಗಡಿ ಹಾಕ್ತಾರೇನೋ" ಎಂದು ಪಕ್ಕದವನಿಗೆ ಹೇಳಿದ. ಅವಳು ತಲೆಯೆತ್ತಲಿಲ್ಲ. ಆದರೆ ಕೈಯೊಳಗೆ ಸಿಟ್ಟು ಇಳಿಯಿತು. ಸೀಳು ಪೂರ್ತಿ ಹೋಗಬೇಕು, ಇವನ ಕಣ್ಣೆದುರೇ ಹೋಗಬೇಕು ಎಂದು ಚೂರಿಯನ್ನು ಆಳಕ್ಕೆ ಒತ್ತಿದಳು. ಪವಳಿ ಚೀರಿ ಕಾಲು ಕಿತ್ತುಕೊಂಡಿತು. ಬಿಳಿಯ ಗೊರಸಿನಿಂದ ರಕ್ತ ಗರಸಿನ ಮೇಲೆ ಹನಿಯಿತು.

ಸಿದ್ದಲಿಂಗ ಬೇಲಿ ಬಿಟ್ಟು ಹೊರಟುಹೋದ. ಅವನು ನಕ್ಕಿದ್ದರೇ ಚೆನ್ನಾಗಿತ್ತು ಎನಿಸಿತು ಅವಳಿಗೆ. ಜೀವನದಲ್ಲಿ ಅವಳು ಎಷ್ಟೋ ಮಂದಿಯ ಜೊತೆ ಜಗಳವಾಡಿದ್ದಳು. ಯಾರೊಡನೆಯೋ ಇದ್ದ ಜಗಳವನ್ನು ಈ ಮೂಕಪ್ರಾಣಿಯ ಕಾಲಿಗೆ ತೀರಿಸಿದ್ದು ಇದೇ ಮೊದಲು. ಫೋನಿನಲ್ಲಿ ಕಾಸಿಮಸಾಬ ಬಾಯಿಗೆ ಬಂದಂತೆ ಬೈದ. ಅವಳು ಎಲ್ಲವನ್ನೂ ಕೇಳಿಸಿಕೊಂಡು, "ಬೈದದ್ದು ಮುಗೀತ್ರಿ ಕಾಕಾ? ಈಗ ಏನ ಮಾಡ್ಲಿ ಹೇಳ್ರಿ" ಎಂದಳು. ಆ ಕಡೆ ಮುದುಕ ನಕ್ಕ ಸದ್ದು ಬಂತು. ಸ್ನೇಹಲ ಬಂದು ಸೂಜಿ ಹಾಕಿ, ಗಾಯಕ್ಕೆ ಪಟ್ಟಿ ಕಟ್ಟಿದಳು. ಪಟ್ಟಿ ಒದ್ದೆಯಾಗದಂತೆ ಅಕ್ಕುತಾಯಿ ಟ್ರ್ಯಾಕ್ಟರಿನ ಹಳೆಯ ಟ್ಯೂಬು ಕತ್ತರಿಸಿ, ಹೊಲಿದು, ಪವಳಿಯ ಕಾಲಿಗೊಂದು ಚೀಲ ತೊಡಿಸಿದಳು.

ಆ ಚೀಲ ಇನ್ನೂ ಕಾಲಲ್ಲಿರುವಾಗಲೇ ಒಂದು ಬೆಳಿಗ್ಗೆ ಪಿಕಪ್ ಗಾಡಿ ಬಂದು ಹೊಲದ ಮುಂದೆ ನಿಂತಿತು. ಸಿದ್ದಲಿಂಗ ಇಳಿದ, ಹಿಂದೆಯೇ ದಲಾಲ ಇಳಿದ. ಅಕ್ಕುತಾಯಿ ಗಂಡನತ್ತ ನೋಡಿದಳು. ಭೀಮಸಿ ನೆಲ ನೋಡುತ್ತಿದ್ದ.

"ನೀವ ಹೂಂ ಅಂದ್ರೇನು?"

"ರಕ್ತ ನೋಡಿ ನನಗೂ ತಡಿಲಿಲ್ಲ" ಎಂದ ಅವನು. "ಬಂದ ನೋಡಲಿ ಅಂದಿದ್ದೆ ಅಷ್ಟ."

ಅಕ್ಕುತಾಯಿ ಹೋಗಿ ಪವಳಿಯ ಗೂಟದ ಮುಂದೆ ನಿಂತಳು. ಸಿದ್ದಲಿಂಗ ಹತ್ತಿರ ಬಂದು ತಗ್ಗಿದ ದನಿಯಲ್ಲೇ ಹೇಳಿದ: "ವೈನಿ, ಹಟ ಸಾಕು. ಕುರಿ ಹಂಚಿದ್ವಿ, ಕುದುರಿ ಹಂಚಲಿಲ್ಲ. ಇದರಾಗ ಅರ್ಧಾ ನಂದೂ ಐತಿ."

"ಯಾವ ಅರ್ಧಾ? ತಲಿ ಕಡೀದೋ, ಬಾಲದ ಕಡೀದೋ?"

ದಲಾಲ ಮುಸಿ ಮುಸಿ ನಕ್ಕ. ಸಿದ್ದಲಿಂಗನ ಮುಖ ಕೆಂಪೇರಿತು. "ಮಾತಿಗೆ ಮಾತು ಬ್ಯಾಡ. ನೀವ ಕೊಯ್ದು ಕುಂಟ ಮಾಡಿದ್ರಿ, ನಾ ಅಲ್ಲ. ನ್ಯಾಯ ಹೇಳ್ರಿ."

ಆ ಮಾತು ತಾಗಿತು. ಯಾಕೆಂದರೆ ಅದು ನಿಜವಾಗಿತ್ತು. ಅವಳು ಪವಳಿಯ ಕಾಲಿನ ಚೀಲದತ್ತ ಒಮ್ಮೆ ನೋಡಿದಳು. ಆಮೇಲೆ ಹೇಳಿದಳು: "ಹೌದು, ನಾನ ಕುಂಟ ಮಾಡೇನಿ. ಅದಕ್ಕ ನಾನ ನೆಟ್ಟಗ ಮಾಡ್ತೀನಿ. ನಿನ್ನ ಅರ್ಧಾ ನಿನಗ ಬೇಕಲಾ? ತಗೋ." ಕುರಿದಡ್ಡಿಯ ಕಡೆ ಕೈ ತೋರಿಸಿದಳು. "ನಮ್ಮ ಪಾಲಿನ ಕುರ್‍ಯಾಗ ಚಲೋ ಹಾಲಿನವು ಯಾವು ಅಂತ ನಿನಗ ಗೊತ್ತೈತಿ. ಹಿಡಕೊಂಡು ಹೋಗು. ಇವತ್ತಿಂದ ಪವಳಿ ಪೂರಾ ನಂದು. ನಾಳಿಂದ ಈ ಹೊಲದಾಗ ಗಾಡಿ ತಂದ್ರ, ಗಾಡಿಗೆ ಗಾಲಿ ಇರೂದಿಲ್ಲ."

ಸಿದ್ದಲಿಂಗ ಇದನ್ನು ನಿರೀಕ್ಷಿಸಿರಲಿಲ್ಲ. ಬೇಡ ಎನ್ನಬಹುದಿತ್ತು. ಆದರೆ ದಲಾಲನೂ ಬೇಲಿಯಾಚೆಯ ಮಂದಿಯೂ ನೋಡುತ್ತಿದ್ದರು. ಅವನಿಗೂ ಅವನ ಹಟವಿತ್ತು. ಅಣ್ಣನ ಮುಖ ನೋಡಿದ. ಭೀಮಸಿ ಕೋಲೂರಿ ಎದ್ದು, ಮಡಚದ ಕಾಲು ಎಳೆಯುತ್ತ ಹೋಗಿ, ತಾನೇ ದಡ್ಡಿಯ ಬಾಗಿಲು ತೆಗೆದ. ಕುರುಬನಿಗೆ ಹಾಲಿನ ಕುರಿ ಬಿಟ್ಟುಕೊಡುವುದು ಎಂದರೆ ಏನೆಂದು ಮೂವರಿಗೂ ಗೊತ್ತಿತ್ತು. ಕುರಿಗಳು ಒಂದೊಂದಾಗಿ ಗಾಡಿ ಹತ್ತಿದವು. ಒಳಗೆ ಉಳಿದ ಮರಿಗಳು ಕೂಗತೊಡಗಿದವು. ಮರಿಗಳ ಕೂಗು ಕೇಳಲಾಗದೆ ಸಿದ್ದಲಿಂಗನೇ ಇಳಿದುಬಂದು ಅವನ್ನೂ ಎತ್ತಿ ಗಾಡಿಯಲ್ಲಿ ತಾಯಂದಿರ ಬಳಿ ಬಿಟ್ಟ. ಗಾಡಿ ಹೊರಟಾಗ ಅಕ್ಕುತಾಯಿ ತಿರುಗಿ ನೋಡಲಿಲ್ಲ. ಪವಳಿಯ ಕುತ್ತಿಗೆಗೆ ಹಣೆಯಿಟ್ಟು ನಿಂತಿದ್ದಳು. ಅತ್ತಳೋ ಇಲ್ಲವೋ ಭೀಮಸಿಗೂ ತಿಳಿಯಲಿಲ್ಲ.

ಗಾಯ ಮಾಗಿತು. ಅಕ್ಕುತಾಯಿ ಮತ್ತೆ ಚೂರಿ ಹಿಡಿದಾಗ ಮೊದಲು ಬೇಲಿಯ ಕಡೆ ನೋಡುತ್ತಿದ್ದಳು. ಯಾರಾದರೂ ನಿಂತಿದ್ದರೆ, ಅವರು ಹೋಗುವವರೆಗೆ ಬೇರೆ ಕೆಲಸ ಮಾಡುವಳು. ಗೊರಸಿನ ಮೇಲಿನಿಂದ ಹೊಸ ಬೆಳವಣಿಗೆ ಒತ್ತಾಗಿ, ನೆಟ್ಟಗೆ ಇಳಿದು ಬಂತು. ಸೀಳು ಕೆಳಗೆ ಕೆಳಗೆ ಸರಿದು, ಒಂದು ದಿನ ಕಾನಸಿನ ಪುಡಿಯ ಜೊತೆ ಉದುರಿಹೋಯಿತು. ಸ್ನೇಹಲ ತನ್ನ ಕೈಗೂ ರೂಢಿಯಾಗಲಿ ಎಂದು ಆಗಾಗ ಬಂದು ಪಕ್ಕದಲ್ಲಿ ಕೂರತೊಡಗಿದಳು. ಬರಿಗಾಲಿನ ಕುದುರೆ ತಂದವರಿಗೆ ಇಸ್ರಾರನೂ "ಕಬ್ಬೂರಿಗೆ ಹೋಗ್ರಿ, ಅಲ್ಲೊಬ್ಬಾಕಿ ಹಟಮಾರಿ ಅದಾಳ" ಎಂದು ಹೇಳಿ ಕಳಿಸುತ್ತಿದ್ದ. ಅದು ಬೈಗುಳವೋ ಶಿಫಾರಸೋ ಎಂದು ಅಕ್ಕುತಾಯಿ ತಲೆ ಕೆಡಿಸಿಕೊಳ್ಳಲಿಲ್ಲ. ಬಂದ ಕುದುರೆಗಳ ಕಾಲು ಎತ್ತಿದಳು.

ಮಾಘದಲ್ಲಿ ನಿಪ್ಪಾಣಿಯ ಹತ್ತಿರ ತಂಬಾಕು ಕಿತ್ತ ಹೊಲದಲ್ಲಿ ಬಿಡಾರ ಹೂಡಿದ್ದ ಧನಗರರಿಂದ ಫೋನು ಬಂತು. ಅವರ ಕುದುರೆಯೊಂದು ಕುಂಟುತ್ತಿದೆ ಎಂದು. ಧನಗರರೆಂದರೆ ಗಡಿಯಾಚೆಯ ಕುರುಬರೇ, ಮಾತು ಮರಾಠಿ. ಭೀಮಸಿ ಬಸ್ಸಿಗೆ ಹೋಗೋಣವೆಂದ. ಅಕ್ಕುತಾಯಿ ಪವಳಿಯ ಬೆನ್ನ ಮೇಲೆ ಕಂಬಳಿ ಮಡಚಿ ಹಾಕಿದಳು. "ಹತ್ತರಿ" ಎಂದಳು.

"ಮಂದಿ ನೋಡಿ ನಗ್ತಾರ."

"ನಗಲಿ."

ಅವರು ದಾರಿಯಲ್ಲಿ ಒಂದು ಕಡೆ ತಂಗಿ, ಮರುದಿನ ನಡುಹಗಲಿಗೆ ಬಿಡಾರ ಮುಟ್ಟಿದರು. ಸಮಾಧಾನ ಎಂಬ ಬಿಡಾರದ ಹಿರಿಯ, ಕೆಂಪು ರುಮಾಲಿನ ಮುದುಕ, ಕುದುರೆಯಿಂದಿಳಿದ ಭೀಮಸಿಗೆ ನಮಸ್ಕಾರ ಹೇಳಿದ. ಚೂರಿ ಇರುವುದು ಹೆಂಗಸಿನ ಕೈಯಲ್ಲಿ ಎಂದು ತಿಳಿದಾಗ ಅವನ ಹುಬ್ಬು ಗಂಟಿಕ್ಕಿತು.

"ಬಾಯಿಮಾಣೂಸ ಕಾಯ ಕರಣಾರ?" ಎಂದ. ಹೆಂಗಸು ಏನು ಮಾಡಿಯಾಳು ಎಂದು.

ಅಕ್ಕುತಾಯಿಗೆ ಮರಾಠಿ ಚೆನ್ನಾಗಿಯೇ ಬರುತ್ತಿತ್ತು. ಬೇಕೆಂದೇ ಕನ್ನಡದಲ್ಲಿ ಹೇಳಿದಳು: "ನಾ ಏನ ಮಾಡ್ತೀನಿ ಅಂತ ಆಮ್ಯಾಗ ನೋಡೂರಂತ ಅಣ್ಣಾ. ಮಾಡಿದ್ದು ಹ್ಯಾಂಗೈತಿ ಅಂತ ಮೊದಲ ನೋಡ್ರಿ." ಪವಳಿಯ ಕಡೆ ಬೆರಳು ಮಾಡಿದಳು.

ಸಮಾಧಾನ ಹೋಗಿ ಪವಳಿಯ ಕಾಲುಗಳನ್ನು ಒಂದಾದ ಮೇಲೆ ಒಂದು ಎತ್ತಿ ನೋಡಿದ. ಅಂಚಿನ ಮೇಲೆ ಹೆಬ್ಬೆರಳು ಆಡಿಸಿದ. ಗುಡಾರದ ಹಿಂದೆ ಹೋಗಿ ಕುಂಟುತ್ತಿದ್ದ ಕಪ್ಪು ಗಂಡುಕುದುರೆಯನ್ನು ತಾನೇ ಹಿಡಿದು ತಂದ.

"ಬರೇ ನಿಂತು ನೋಡಬ್ಯಾಡ್ರಿ, ಹಗ್ಗ ಹಿಡಕೊಂಡು ನೋಡ್ರಿ. ಬಿಗಿ ಹಿಡೀರಿ" ಎಂದಳು ಅಕ್ಕುತಾಯಿ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ, ಆ ದೊಡ್ಡ ಕಾಲನ್ನು ಎತ್ತಿ ಮೊಣಕಾಲುಗಳ ನಡುವೆ ಹಿಡಿದಳು. ಕುದುರೆ ಬಲವಾಗಿ ಕೊಸರಿತು. ಅವಳು ಒಂದು ಹೆಜ್ಜೆ ತೂರಾಡಿದಳು, ಕಾಲು ಬಿಡಲಿಲ್ಲ.